ಮಾಸ್ತರರು ಕೊಯ್ದ ಮಾಂಸ

ಅತ್ತಿಗೆ ಮೀನು ಹುರಿದರೆ ಪಕ್ಕದ ಮನೆಯವರು ಕಿಟಕಿ ತೆರೆದಿಡುತ್ತಿದ್ದರು. ಬದನೆಕಾಯಿ ಸುಟ್ಟರೆ, ಬದನೆಕಾಯಿ ಕಂಡರಾಗದವರೂ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದರು. ಆದರೆ ದನದ ಮಾಂಸ ಮಾಡಿದಳೆಂದರೆ ಮುಗಿಯಿತು, ಅಂದು ಮನೆಯಲ್ಲಿ ಮಾತೇ ನಿಂತುಹೋಗುತ್ತಿತ್ತು. ಯಾರಿಗೂ ಕೋಪವಿರಲಿಲ್ಲ, ಬಾಯಿಗೆ ಬಿಡುವಿರಲಿಲ್ಲ, ಅಷ್ಟೆ. ಒಂದು ತುಂಡನ್ನು ಅಗಿದು ಒಳಗೆ ಕಳಿಸುವಷ್ಟರಲ್ಲಿ ದವಡೆ ಸೋತು, ಕಿವಿ ಕೆಂಪಾಗಿ, ಕಣ್ಣಂಚಿನಲ್ಲಿ ನೀರು ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಇದೇ ಹಾಡು.

ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ಇದ್ದದ್ದು ಮೈದುನನೊಬ್ಬನಿಗೆ. ಅವನ ಗಂಟಲು ಎಷ್ಟು ದೊಡ್ಡದೆಂದರೆ, ಅವನು ಕರೆದದ್ದನ್ನು ಕೇಳಿ ಕೇಳಿ ಬೀದಿಯವರೆಲ್ಲ ಹಾಗೇ ಕರೆಯತೊಡಗಿದ್ದರು. ಅವಳ ಗಂಡ ಕಟಿಂಗ್ ಮಾಸ್ತರರು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಅಂಗಡಿಯ ಮುಂಭಾಗದಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಡೆ, ಮಾಸ್ತರರು ಉದ್ದದ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುತ್ತಿದ್ದರು. ಹಿಂದೆ, ಗೋಡೆ ಕಡೆ ಮುಖ ಮಾಡಿ, ಅತ್ತಿಗೆ ಗುಂಡಿ ಹಚ್ಚುತ್ತಿದ್ದಳು, ಅಂಚು ಮಡಿಸುತ್ತಿದ್ದಳು. ಹೊರಗೆ ಬೋರ್ಡಿನಲ್ಲಿ ಒಂದು ದೊಡ್ಡ ಕತ್ತರಿಯ ಚಿತ್ರವಿತ್ತು. ಸೂಜಿಯ ಚಿತ್ರ ಇರಲಿಲ್ಲ.

ಮಾಸ್ತರರು ಒಳ್ಳೆಯವರು. ಕುಡಿತವಿಲ್ಲ, ಬೈಗುಳವಿಲ್ಲ. ಅವರಿಗೆ ಇದ್ದದ್ದು ಒಂದೇ ಹುಚ್ಚು: ಮನೆಯಲ್ಲಿ ಅಲಗು ಇರುವ ಯಾವುದನ್ನೂ ಇನ್ನೊಬ್ಬರು ಮುಟ್ಟಕೂಡದು. ಚಾಕುಗಳಿಗೆ ಬೆಳಗ್ಗೆ ಎದ್ದ ಕೂಡಲೇ ಸಾಣೆ ಹಿಡಿದು, ಉಣ್ಣೆಬಟ್ಟೆಯಲ್ಲಿ ಸುತ್ತಿ, ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬಟ್ಟೆ ಕತ್ತರಿಸುವ ಕತ್ತರಿಯಂತೂ ಸೊಂಟದ ಚರ್ಮದ ಒರೆಯಲ್ಲೇ ಇರುತ್ತಿತ್ತು. ಅತ್ತಿಗೆಗೆ ಒಂದು ನಿಂಬೆಹಣ್ಣು ಕೊಯ್ಯಬೇಕೆಂದರೂ ಅವರನ್ನೇ ಕರೆಯಬೇಕು. ಕರೆದರೆ ಬರುತ್ತಿದ್ದರು, ಬೇಸರಿಸದೆ ಕೊಯ್ದು ಕೊಡುತ್ತಿದ್ದರು. ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚುತ್ತಿದ್ದರು. ಹಾಗಾಗಿ ಅವರ ಕೈಯ ಮೇಲೆ ಯಾರಿಗೂ ಅನುಮಾನ ಬರಲು ಕಾರಣವಿರಲಿಲ್ಲ.

ಭಾನುವಾರ ಮನೆಗೆ ಬರುತ್ತಿದ್ದುದು ಹೊಟ್ಟೆಯ ಪಕ್ಕದ ತೆಳುಪಟ್ಟಿ. ದನದಲ್ಲಿ ಅದಕ್ಕಿಂತ ಅಗ್ಗವೆಂದರೆ ಗೊರಸೇ ಇರಬೇಕು. ಬೆರಳಿನಷ್ಟೂ ದಪ್ಪವಿಲ್ಲದ, ಮೊಳದುದ್ದದ, ಕಡುಗೆಂಪು ಪಟ್ಟಿ. ಮಾಸ್ತರರು ಅದನ್ನು ಹಲಗೆಯ ಮೇಲೆ ಹಾಸಿ, ಅಂಗೈಯಿಂದ ನೇವರಿಸಿ ಸುಕ್ಕು ತೆಗೆಯುತ್ತಿದ್ದರು. ಕನ್ನಡಕ ಏರಿಸಿಕೊಂಡು, ಮಾಂಸದ ಎಳೆ ಯಾವ ದಿಕ್ಕಿಗೆ ಓಡುತ್ತಿದೆಯೆಂದು ಬಗ್ಗಿ ನೋಡುತ್ತಿದ್ದರು. ಆಮೇಲೆ ಆ ಎಳೆಯ ನೇರಕ್ಕೇ, ಒಂದೂ ಎಳೆ ಹರಿಯದ ಹಾಗೆ, ಚಾಕು ಬಿಡುತ್ತಿದ್ದರು. ಅಡ್ಡ ಕೊಯ್ದರೆ ಪ್ಯಾಂಟು ಮೊಣಕಾಲಿನ ಹತ್ತಿರ ತಿರುಚಿಕೊಳ್ಳುತ್ತದೆ, ಎಳೆ ಹರಿದವನು ದರ್ಜಿಯೇ ಅಲ್ಲ ಎಂದು ಅವರ ಗುರುಗಳು ಇವರ ಹದಿನಾರನೇ ವಯಸ್ಸಿನಲ್ಲಿ ತಲೆಗೆ ಮೊಟಕಿ ಹೇಳಿಕೊಟ್ಟಿದ್ದರು. ಹಲಗೆಯ ಮೇಲೆ ಸಾಲಾಗಿ ಮಲಗಿದ ಆ ಉದ್ದುದ್ದ ತುಂಡುಗಳು ನೋಡಲು ಎಷ್ಟು ಚಂದವಿರುತ್ತಿದ್ದವೆಂದರೆ, ಬೇಯಿಸಲು ಮನಸ್ಸೇ ಬರುತ್ತಿರಲಿಲ್ಲ.

ಬೇಯಿಸಿದ ಮೇಲಂತೂ ತಿನ್ನಲು ಮನಸ್ಸು ಬರುತ್ತಿರಲಿಲ್ಲ. ಅತ್ತಿಗೆ ಮಾಡದ ಪ್ರಯೋಗವಿಲ್ಲ. ಹಿಂದಿನ ದಿನವೇ ವಿನೆಗರಿನಲ್ಲಿ ನೆನೆಸಿದಳು, ಹುಳಿಯಾದ ಗಟ್ಟಿ ಮಾಂಸವಾಯಿತು. ಪಪ್ಪಾಯಿ ಸಿಪ್ಪೆ ಅರೆದು ಹಚ್ಚಿದಳು, ಮೇಲೆ ಲೋಳೆ ಬಂದು ಒಳಗೆ ಮೊದಲಿನ ಹಾಗೇ ಇತ್ತು. ಇಸ್ತ್ರಿಪೆಟ್ಟಿಗೆಯಿಂದ ಬಡಿದಳು, ಕೆಳಗಿನ ಅಂಗಡಿಗೆ ಬಂದಿದ್ದ ಗಿರಾಕಿ ಮೇಲೆ ಜಗಳವಾಗುತ್ತಿದೆಯೆಂದು ಹೆದರಿ ಅಳತೆ ಕೊಡದೆ ಹೋದ. ಒಮ್ಮೆ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸಿದಳು. ಅಂದು ಮಾಂಸ ಮೆತ್ತಗಾದದ್ದು ನಿಜ, ಆದರೆ ಹಳೆಯ ಹಗ್ಗ ಬಿಚ್ಚಿಕೊಂಡ ಹಾಗೆ ಮಾರುದ್ದದ ನಾರುಗಳಾಗಿ ಒಬ್ಬೊಬ್ಬರ ಹಲ್ಲಿಗೂ ಸುತ್ತಿಕೊಂಡಿತು. ಮೈದುನ ಒಂದು ತುದಿಯನ್ನು ಬಾಯಿಂದ ಎಳೆಯುತ್ತಾ, "ಅತ್ತಿಗೇ, ಇದು ಎಲ್ಲಿ ಮುಗಿಯುತ್ತೆ ಅಂತ ಗುರುತು ಹಾಕಬಾರದಿತ್ತಾ?" ಎಂದು ಕೇಳಿದ್ದ.

ಮೈದುನನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ. ಅವನು ಕೆಲಸ ಮಾಡುತ್ತಿದ್ದುದು ಬೀಗದ ಕಾರ್ಖಾನೆಯಲ್ಲೇ, ವ್ಯಾನ್ ಡ್ರೈವರ್ ಆಗಿ. "ಎರಡು ತುಂಡು ಕಟ್ಟಿಕೊಡಿ, ಬ್ರೇಕಿಗೆ ಹಾಕಿಸ್ತೀನಿ" ಎನ್ನುತ್ತಿದ್ದ. ಅವನ ಕುಚೋದ್ಯವನ್ನು ಅತ್ತಿಗೆ ಹೇಗೋ ಸಹಿಸುತ್ತಿದ್ದಳು. ಸಹಿಸಲಾಗದೆ ಇದ್ದದ್ದು ಗಂಡನ ದೊಡ್ಡತನ. ಮಾಸ್ತರರು ಪ್ರತಿ ಭಾನುವಾರ ತಟ್ಟೆಯಲ್ಲಿದ್ದದ್ದನ್ನು ಕೊನೆಯ ತುಂಡಿನವರೆಗೂ ಅಗಿದು ತಿಂದು, ನೀರು ಕುಡಿದು, "ಸ್ವಲ್ಪ ಗಟ್ಟಿಯಾಗಿದೆ. ಪರವಾಗಿಲ್ಲ ಬಿಡು, ಎಲ್ಲರಿಗೂ ಎಲ್ಲ ಬರಬೇಕು ಅಂತಿಲ್ಲ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳನ್ನು ಹೀಗೆ ಕ್ಷಮಿಸಿದ್ದರು. ಅದು ಅವಳ ಹೊಟ್ಟೆಯೊಳಗೆ ಮಾಂಸಕ್ಕಿಂತ ಗಟ್ಟಿಯಾಗಿ ಕೂತಿತ್ತು.

ಒಂದು ಭಾನುವಾರ ಮೈದುನ ಅಗಿಯುವುದರ ನಡುವೆ ಸುದ್ದಿಯೊಂದನ್ನು ಹೇಳಿದ. ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವಳು ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದಾಳೆ. ಬೇಕಾದವರು ಬಂದು ಒಂದು ಮಧ್ಯಾಹ್ನ ಮೂವತ್ತು ಜನಕ್ಕೆ ಅಡುಗೆ ಮಾಡಿ ತೋರಿಸಬೇಕು, ಹಿಡಿಸಿದರೆ ಸೋಮವಾರದಿಂದ ಕೆಲಸ. ಹೋದ ವಾರ ಬಂದವನೊಬ್ಬ ಹೋಟೆಲಿನಿಂದ ತಂದದ್ದನ್ನು ಬಿಸಿ ಮಾಡಿ ಬಡಿಸಿ ಸಿಕ್ಕಿಬಿದ್ದು ಓಡಿದ್ದಾನೆ. ಮುಂದಿನ ಪರೀಕ್ಷೆ ಶುಕ್ರವಾರ.

"ಶುಕ್ರವಾರ ಅಲ್ಲಿ ಮಾಂಸದ ದಿನ. ಕಾರ್ಖಾನೆಯವರು ಕೊಡಿಸೋದು ಇದೇ ತೆಳುಪಟ್ಟಿ. ಅದಕ್ಕೇ ಯಾರೂ ಮುಂದೆ ಬರ್ತಿಲ್ಲ" ಎಂದ ಮೈದುನ. ಆಮೇಲೆ ತನ್ನ ಮಾತಿಗೆ ತಾನೇ ನಗುತ್ತಾ, "ಅತ್ತಿಗೇನ ಕಳಿಸೋಣ್ವಾ ಅಣ್ಣ? ಮೂವತ್ತು ಜನಾನೂ ಮೂರು ದಿನ ರಜಾ ಹಾಕ್ತಾರೆ" ಎಂದ.

"ನಾನು ಬರ್ತೀನಿ" ಎಂದಳು ಅತ್ತಿಗೆ.

ಅಗಿಯುವ ಸದ್ದು ನಿಂತಿತು. ಅವಳಿಗೇ ತನ್ನ ಧ್ವನಿ ಹೊಸದಾಗಿ ಕೇಳಿಸಿತು. ಆದರೆ ಆಸೆ ಹೊಸದಲ್ಲ. ಗೋಡೆ ನೋಡುತ್ತಾ ಗುಂಡಿ ಹಚ್ಚಿ ಅವಳಿಗೆ ಸಾಕಾಗಿತ್ತು. ಇದು ಇವಳ ಕೆಲಸ, ಇದನ್ನು ಮಾಡಿದವಳು ಇವಳು ಎಂದು ನಾಲ್ಕು ಜನ ಹೇಳುವಂಥದ್ದು ಒಂದು ತನಗೂ ಬೇಕಿತ್ತು. ಅಡುಗೆಯಲ್ಲದೆ ಬೇರೇನೂ ಅವಳಿಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅಡುಗೆಯೂ ಬರುತ್ತದೆಯೇ ಎಂಬುದು ಶುಕ್ರವಾರ ಗೊತ್ತಾಗಬೇಕಿತ್ತು.

ಮಾಸ್ತರರು ಬೇಡವೆನ್ನಲಿಲ್ಲ. ಬದಲಿಗೆ ಖುಷಿಯಾದರು, ತೊಂದರೆಯಾದದ್ದು ಅದೇ. "ಮಾಡು, ಮಾಡು. ಶುಕ್ರವಾರ ಅಂಗಡಿ ಮುಚ್ಚಿ ನಾನೂ ಬರ್ತೀನಿ. ಮಾಂಸ ನಾನು ಕೊಯ್ದು ಕೊಡ್ತೀನಿ, ಆ ಚಿಂತೆ ಬಿಡು. ನೀನು ಬೇಯಿಸೋದರ ಕಡೆ ಗಮನ ಕೊಡು. ನೀನು ಎಡವೋದು ಅಲ್ಲೇ" ಎಂದರು.

ಬುಧವಾರ ಮಧ್ಯಾಹ್ನ ಅತ್ತಿಗೆ ಮಾಂಸದಂಗಡಿಗೆ ಹೋದಳು. ಗಿರಾಕಿಗಳಿಲ್ಲದ ಹೊತ್ತು. ಅಂಗಡಿಯವಳು ತೋಳು ಮಡಿಸಿಕೊಂಡು, ಮುಡಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹಿಂಬದಿಯ ಸ್ಟೌ ಮೇಲೆ ತನ್ನ ಊಟಕ್ಕೆ ಕಾವಲಿ ಇಟ್ಟಿದ್ದಳು. ಅತ್ತಿಗೆ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಳು: ವಿನೆಗರ್, ಪಪ್ಪಾಯಿ, ಇಸ್ತ್ರಿಪೆಟ್ಟಿಗೆ, ನಾಲ್ಕು ಗಂಟೆ. ಕೊನೆಗೆ, "ನೀವು ನಮಗೆ ಬೇರೆ ಥರದ ಮಾಂಸ ಕೊಡ್ತಿದೀರಾ?" ಎಂದು ಕೇಳಿಯೇಬಿಟ್ಟಳು.

ಅಂಗಡಿಯವಳಿಗೆ ಮೂಗಿನ ತುದಿಯಲ್ಲೇ ಕೋಪ. "ನಿಮಗೆ ಕೊಟ್ಟ ಪಟ್ಟಿಯ ಉಳಿದರ್ಧಾನೇ ನಾನು ತಿನ್ನೋದು! ಬನ್ನಿ ಇಲ್ಲಿ, ಕೂತ್ಕೊಳಿ" ಎಂದು ಸ್ಟೂಲು ಎಳೆದು ಹಾಕಿದಳು. ಹಲಗೆಯ ಮೇಲೆ ಒಂದು ತೆಳುಪಟ್ಟಿ ಬಿಸಾಡಿ, ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಚಾಕು ಎತ್ತಿದಳು.

ಚಾಕು ಇಳಿದದ್ದನ್ನು ನೋಡಿ ಅತ್ತಿಗೆ ಸ್ಟೂಲಿನಿಂದ ಅರ್ಧ ಎದ್ದಳು. ಇಪ್ಪತ್ತೆರಡು ವರ್ಷ ದರ್ಜಿಯ ಮನೆಯಲ್ಲಿ ಬಾಳಿದವಳು ಅವಳು.

"ಅಯ್ಯೋ ಅಯ್ಯೋ, ಅಡ್ಡ ಕೊಯ್ತಿದೀರಲ್ರೀ! ಎಳೆಯೆಲ್ಲ ಹರಿದುಹೋಯ್ತು!"

ಅಂಗಡಿಯವಳು ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹರೀಲಿ ಅಂತಾನೇ ಕೊಯ್ಯೋದು. ಇಲ್ಲಿ ಚಾಕು ಹರೀದಿದ್ರೆ ಅಲ್ಲಿ ನಿಮ್ಮ ಹಲ್ಲು ಹರೀಬೇಕು. ನಿಮ್ಮನೇಲಿ ಹೆಂಗೆ ಕೊಯ್ತೀರಿ?"

ಅತ್ತಿಗೆ ಕೈಯಲ್ಲಿ ಉದ್ದಕ್ಕೆ ತೋರಿಸಿದಳು.

ಅಂಗಡಿಯವಳು ನಗಲಿಲ್ಲ. ಸಾವಿನ ಸುದ್ದಿ ಕೇಳಿದವಳ ಹಾಗೆ ತಲೆಯಾಡಿಸಿದಳು. ಕಾವಲಿಯಿಂದ ಹೊಗೆ ಏಳುವವರೆಗೆ ಕಾದು, ಅಡ್ಡಡ್ಡ ಕೊಯ್ದ ಏಳೆಂಟು ತುಂಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಿದಳು. "ಒಟ್ಟಿಗೆ ಸುರಿದ್ರೆ ನೀರು ಬಿಟ್ಕೊಂಡು ಬೇಯುತ್ತೆ, ಹುರಿಯಲ್ಲ. ತೆಳು ಮಾಂಸಕ್ಕೆ ಎರಡೇ ದಾರಿ. ಜೋರು ಉರೀಲಿ ಒಂದು ನಿಮಿಷ, ಇಲ್ಲ ಸಣ್ಣ ಉರೀಲಿ ಅರ್ಧ ದಿನ. ನಡುವೆ ನಿಂತೋರಿಗೆ ಚಪ್ಪಲಿ ಗತಿ" ಎಂದು ಉಪ್ಪು ಎರಚಿ, ಮಗುಚಿ, ಇಳಿಸಿ, ಒಂದು ತುಂಡನ್ನು ಅವಳ ಅಂಗೈಗೆ ಹಾಕಿದಳು.

ಅತ್ತಿಗೆ ಅದನ್ನು ಬಾಯಿಗೆ ಹಾಕಿಕೊಂಡು, ಎಂದಿನ ಯುದ್ಧಕ್ಕೆ ದವಡೆ ಬಿಗಿದಳು. ಎದುರಿಗೆ ಯಾರೂ ಬರಲೇ ಇಲ್ಲ. ಎರಡು ಸಲ ಅಗಿದಳು, ಅಷ್ಟರಲ್ಲಿ ಅದು ಹೋಗಿಯೇಬಿಟ್ಟಿತ್ತು. ಸ್ಟೂಲಿನ ಮೇಲೆ ಕೂತಲ್ಲೇ ಅವಳಿಗೆ ಅಳು ಬಂತು. ಮೊದಲು ಸುಖಕ್ಕೆ, ಆಮೇಲೆ ಸಿಟ್ಟಿಗೆ. ಇಪ್ಪತ್ತೆರಡು ವರ್ಷ ತನ್ನ ಕೈಯೇ ಕೆಟ್ಟದ್ದೆಂದು ನಂಬಿದ್ದಳಲ್ಲ! ಮಾಡಿದವರು ಒಬ್ಬರು, ಉಂಡವರು ಊರವರು, ಬೈಸಿಕೊಂಡವಳು ಇವಳು.

ಮನೆಗೆ ಬರುವ ದಾರಿಯಲ್ಲಿ ಅವಳು ಆಡಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಳು. ಒಂದೊಂದು ಮಾತೂ ಸಾಣೆ ಹಿಡಿದ ಹಾಗಿತ್ತು. ಮೆಟ್ಟಿಲು ಹತ್ತಿ ಬಂದರೆ ಮಾಸ್ತರರು ಅವಳಿಗಾಗಿ ಹೊಸ ಏಪ್ರನ್ ಹೊಲಿಯುತ್ತಾ ಕೂತಿದ್ದರು. ಗುಂಡಿಯನ್ನೂ ತಾವೇ ಹಚ್ಚುತ್ತಿದ್ದರು, ಬೆರಳಿಗೆ ಎರಡು ಕಡೆ ಸೂಜಿ ಚುಚ್ಚಿಕೊಂಡು. "ಜೇಬು ಎರಡು ಇಟ್ಟಿದೀನಿ. ಒಂದು ಉಪ್ಪಿನ ಡಬ್ಬಿಗೆ" ಎಂದರು. ಅತ್ತಿಗೆಯ ಮಾತುಗಳೆಲ್ಲ ಮೊಂಡಾದವು.

ಆದರೂ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದಳು. "ರೀ, ಮಾಂಸದಂಗಡಿಯವಳು ಅಡ್ಡಕ್ಕೆ ಕೊಯ್ತಾಳೆ. ಮೆತ್ತಗಿರುತ್ತೆ."

"ಅವಳು ಮಾಂಸ ಮಾರೋಳು. ಕಟಿಂಗು ಬೇರೆ ವಿದ್ಯೆ" ಎಂದರು ಮಾಸ್ತರರು, ಕರುಣೆಯಿಂದ.

"ಈ ಸಲ ಒಂದೇ ಒಂದು ಸಲ ಅಡ್ಡ ಕೊಯ್ದು ನೋಡ್ಬಹುದಲ್ಲ."

ಮಾಸ್ತರರು ಕನ್ನಡಕ ತೆಗೆದರು. "ನೋಡು, ಪರೀಕ್ಷೆ ಹತ್ರ ಬಂತು, ನಿನಗೆ ಭಯ ಆಗಿದೆ. ಸಹಜ. ಆದ್ರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಬಾರದು. ಗಟ್ಟಿಯಾದ್ರೆ ಆಗಲಿ, ನಾನು ತಿಂತೀನಲ್ಲ."

ಆ ಗಾದೆಯನ್ನು ಮೊದಲು ಹೇಳಿದವನಿಗೆ ಹೆಂಡತಿ ಇದ್ದಳೋ ಇಲ್ಲವೋ. ಅತ್ತಿಗೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಗುರುವಾರ ಅವಳು, ಅಂಗಡಿಯವಳಿಂದಲೇ ಕೊಯ್ಯಿಸಿಕೊಂಡು ಬಂದುಬಿಡೋಣ ಎಂದು ಹೊರಟಳು. ಅರ್ಧ ದಾರಿಯಲ್ಲಿ ಮಾಸ್ತರರೇ ಎದುರಾದರು. ಮೈದುನ ತಂದುಕೊಟ್ಟ ಕಾರ್ಖಾನೆಯ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ, ಆರು ಕೆಜಿ ತೆಳುಪಟ್ಟಿಯನ್ನು ಇಡಿಯಾಗಿ ಹೆಗಲ ಮೇಲೆ ಹೊತ್ತು ತರುತ್ತಿದ್ದರು. "ಅವಳು ಕೊಯ್ದು ಕೊಡ್ತೀನಿ ಅಂತ ಹಟ ಹಿಡಿದಳು, ಜಗಳ ಆಡಿ ತಪ್ಪಿಸಿಕೊಂಡು ಬಂದೆ" ಎಂದರು ಗೆದ್ದವರ ಹಾಗೆ. ಅಂದು ಸಂಜೆ ಬಟ್ಟೆ ಕತ್ತರಿಸುವ ಉದ್ದದ ಮೇಜಿಗೆ ಎಣ್ಣೆಬಟ್ಟೆ ಹಾಸಿ, ಆರು ಕೆಜಿಯನ್ನೂ ಎಳೆಯ ನೇರಕ್ಕೆ ರಿಬ್ಬನ್ನಿನ ಹಾಗೆ ಕೊಯ್ದರು. ಜೀವಮಾನದ ಕಟಿಂಗು. ನೋಡಲು ಬಂದ ಮೂರು ಜನ ನೆರೆಯವರು ಬಾಯಿ ತೆರೆದರು.

ನಾಳೆ ಅಲ್ಲೇ, ಆ ಅಡುಗೆಮನೆಯಲ್ಲೇ, ಇವರ ಬೆನ್ನು ತಿರುಗಿದಾಗ ಅಡ್ಡ ಕೊಯ್ದುಬಿಡುತ್ತೇನೆ ಎಂದುಕೊಂಡು ಅತ್ತಿಗೆ ಮಲಗಿದಳು. ಶುಕ್ರವಾರ ಬೆಳಗ್ಗೆ ಹೋಗಿ ನೋಡಿದರೆ ಕ್ಯಾಂಟೀನಿನಲ್ಲಿ ಒಂದೂ ಚಾಕು ಇಲ್ಲ. ಹಳೆಯ ಅಡುಗೆಯವಳು ಹೋಗುವಾಗ ತನ್ನವನ್ನೆಲ್ಲ ಕಟ್ಟಿಕೊಂಡು ಹೋಗಿದ್ದಳು. ಬೀಗಗಳು ಮಾತ್ರ ಸಾವಿರವಿದ್ದವು, ಕಿಟಕಿಯ ಮೇಲೆ, ಕಪಾಟಿನ ಮೇಲೆ, ಸಕ್ಕರೆ ಡಬ್ಬಿಯ ಮೇಲೂ ಒಂದು. ಮಾಸ್ತರರ ಬೆನ್ನಂತೂ ತಿರುಗುವ ಲಕ್ಷಣವೇ ಇರಲಿಲ್ಲ. ಮಾಂಸದ ತಟ್ಟೆಯ ಮೇಲಿನ ಒದ್ದೆಬಟ್ಟೆ ಸರಿಸಿ, ಮದುಮಗಳ ಮುಸುಕು ಸರಿಸಿದವರ ಹಾಗೆ ನಿಂತಿದ್ದರು.

ಒಲೆಯ ಮೇಲೆ ದೊಡ್ಡ ಕಾವಲಿ ಕಾಯುತ್ತಿತ್ತು. ಊಟದ ಗಂಟೆ ಬಾರಿಸಲು ಇನ್ನು ಒಂದೂವರೆ ತಾಸು. ಅತ್ತಿಗೆ ಆ ರಿಬ್ಬನ್ನುಗಳನ್ನು ನೋಡಿದಳು. ಗೋಡೆ ಕಡೆ ಮುಖ ಮಾಡಿ ಕೂತ ಅಷ್ಟೂ ವರ್ಷ ಅವಳ ಕಣ್ಣ ಮುಂದೆ ಬಂತು. ಈಗ ಸುಮ್ಮನಿದ್ದರೆ ಸೋಮವಾರ ಮತ್ತೆ ಅದೇ ಗೋಡೆ.

"ರೀ, ಕತ್ತರಿ ಕೊಡಿ."

"ಯಾಕೆ, ಏಪ್ರನ್ ಬಿಗಿ ಆಯ್ತಾ?" ಎನ್ನುತ್ತಾ ಮಾಸ್ತರರು ಒರೆಯಿಂದ ಕತ್ತರಿ ತೆಗೆದು ಕೊಟ್ಟರು. ಹೆಂಡತಿಯ ಧ್ವನಿಯಲ್ಲಿ ಏನಿತ್ತೋ, ಕೊಟ್ಟ ಮೇಲೆಯೇ ಅವರಿಗೆ ತಾವು ಕೊಟ್ಟದ್ದು ಗೊತ್ತಾದದ್ದು. ಅಷ್ಟರಲ್ಲಿ ಅತ್ತಿಗೆ ಅದನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಒಂದು ರಿಬ್ಬನ್ನನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅಡ್ಡಕ್ಕೆ ಕಚಕ್, ಕಚಕ್, ಕಚಕ್ ಎಂದು ಕತ್ತರಿಸಿ, ಅದರ ಒಂದು ತುಂಡನ್ನೂ ಇಡಿಯ ರಿಬ್ಬನ್ನೊಂದನ್ನೂ ಕಾವಲಿಗೆ ಹಾಕಿದಳು.

ಮಾಸ್ತರರ ಬಾಯಿಂದ ಬಂದ ಸದ್ದನ್ನು ಅಕ್ಷರದಲ್ಲಿ ಬರೆಯಲಾಗದು. "ಅದು ಬಟ್ಟೆ ಕತ್ತರಿ! ಅದು... ಎಳೆ ಹರೀತಿದೀಯಲ್ಲೇ! ಇಷ್ಟು ಚೆನ್ನಾಗಿ ಕೊಯ್ದದ್ದನ್ನ!"

"ನೀವು ಚೆನ್ನಾಗಿ ಕೊಯ್ದಿದ್ದಕ್ಕೇ ನಾನು ಇಪ್ಪತ್ತೆರಡು ವರ್ಷ ನಗೆಪಾಟಲಾದೆ" ಎಂದಳು ಅತ್ತಿಗೆ. ಅವಳು ಇನ್ನೊಂದು ರಿಬ್ಬನ್ ಎತ್ತಿಕೊಂಡಳು. "ನನ್ನ ಕೈ ಸರಿಯಾಗೇ ಇದೆ. ನಿಮ್ಮ ಕಟಿಂಗು ತಪ್ಪು."

ನಿಮ್ಮ ಕಟಿಂಗು ತಪ್ಪು. ಈ ಮೂರು ಪದಗಳನ್ನು ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಮಾಸ್ತರರಿಗೆ ಹೇಳಿರಲಿಲ್ಲ. ಅವರು ಉತ್ತರ ಕೊಡಲು ಬಾಯಿ ತೆರೆದರು. ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳೋ ಎಂಬಂತೆ ಅತ್ತಿಗೆ, ಹೊಗೆಯಾಡುವ ಕಾವಲಿಯಲ್ಲಿ ಒಂದು ನಿಮಿಷ ಹುರಿದ ಸಣ್ಣ ತುಂಡೊಂದನ್ನು ಅವರ ಬಾಯಿಗೆ ಹಾಕಿದಳು. ಅದರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವ ಮೊದಲೇ ಅದು ಒಳಗೆ ಹೋಗಿತ್ತು. ಅವರು ಮತ್ತೆ ಬಾಯಿ ತೆರೆದರು. ಈಗ ಅವಳು, ಅದೇ ಕಾವಲಿಯಲ್ಲಿ ಅದೇ ಒಂದು ನಿಮಿಷ ಹುರಿದ, ಅವರೇ ಕೊಯ್ದ ಉದ್ದನೆಯ ತುಂಡನ್ನು ಹಾಕಿದಳು.

ಮಾಸ್ತರರು ಅಗಿಯತೊಡಗಿದರು.

ಹೇಳಲು ಅವರಿಗೆ ಬಹಳವಿತ್ತು, ಅದು ಅವರ ಹುಬ್ಬುಗಳಲ್ಲಿ ಕಾಣುತ್ತಿತ್ತು. ಬೆರಳೆತ್ತಿ, "ಉಂ" ಎಂದರು, ತುಂಡನ್ನು ಎಡಕ್ಕೆ ಸರಿಸಿದರು. ಬಲಕ್ಕೆ ಸರಿಸಿದರು. ಉಗುಳುವುದು ಅವರ ಸ್ವಭಾವದಲ್ಲಿರಲಿಲ್ಲ, ನುಂಗುವುದು ಅವರ ಗಂಟಲಿಗೆ ಸಾಧ್ಯವಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವ ಮಾತನ್ನು ಇಷ್ಟು ಅಕ್ಷರಶಃ ಅನುಭವಿಸಿದವರು ಕಡಿಮೆ. ಅತ್ತಿಗೆ ಅವರ ಕಡೆ ತಿರುಗಿಯೂ ನೋಡದೆ ಕಚಕ್ ಕಚಕ್ ಎಂದು ಕತ್ತರಿಸುತ್ತಲೇ ಇದ್ದಳು. ಅವಳಿಗೆ ಕತ್ತರಿ ಹಿಡಿದು ಅಭ್ಯಾಸವಿಲ್ಲ, ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದಿತು, ತಟ್ಟೆಯಲ್ಲಿ ಇನ್ನೂ ಐದೂವರೆ ಕೆಜಿ ಇತ್ತು.

ಬಹಳ ಹೊತ್ತಿನ ಮೇಲೆ ಹಿಂದಿನಿಂದ ಒಂದು ದೊಡ್ಡ ಗುಟುಕಿನ ಸದ್ದು ಕೇಳಿಸಿತು. ಮಾಸ್ತರರು ಹತ್ತಿರ ಬಂದು ಅವಳ ಕೈಯಿಂದ ಕತ್ತರಿ ಕಿತ್ತುಕೊಂಡರು. ಮುಗಿಯಿತು, ಒರೆಗೆ ಹಾಕಿಕೊಂಡು ಹೊರಟುಬಿಡುತ್ತಾರೆ ಎಂದುಕೊಂಡಳು ಅತ್ತಿಗೆ. ಅವರು ಒಂದು ರಿಬ್ಬನ್ ಎತ್ತಿ ಹಿಡಿದು, ಅದರತ್ತಲೇ ನೋಡುತ್ತಾ, ಗಿರಾಕಿಯನ್ನು ಕೇಳುವ ಧ್ವನಿಯಲ್ಲಿ ಕೇಳಿದರು:

"ಅಳತೆ ಎಷ್ಟು?"

ಅತ್ತಿಗೆ ತನ್ನ ತೋರುಬೆರಳನ್ನು ಮುಂದೆ ಹಿಡಿದಳು. "ಅರ್ಧ ಬೆರಳಗಲ" ಎಂದಳು.

ಅವರು ಕತ್ತರಿಸಿದರು, ಅವಳು ಹುರಿದಳು. ಕಾವಲಿ ತುಂಬಿಸದೆ, ಸ್ವಲ್ಪ ಸ್ವಲ್ಪವೇ ಹರಡಿ, ಕಂದು ಬಣ್ಣ ಹಿಡಿದ ಕೂಡಲೇ ಇಳಿಸಿ. ಕಾವಲಿಯಲ್ಲಿ ಉಳಿದ ರಸಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಕೊನೆಗೆ ನಾಲ್ಕು ಹನಿ ವಿನೆಗರ್. ಗಂಟೆ ಬಾರಿಸುವ ಹೊತ್ತಿಗೆ ಕೊನೆಯ ಕಂತೂ ಇಳಿದಿತ್ತು.

ಮೂವತ್ತು ಜನ ಬೆಂಚುಗಳ ಮೇಲೆ ಕೂತರು. ಕೈಯಲ್ಲೆಲ್ಲ ಕಬ್ಬಿಣದ ವಾಸನೆ, ಮುಖದಲ್ಲಿ ಅಪನಂಬಿಕೆ. ಮೈದುನ ನಾಲ್ಕು ದಿನದಿಂದ ಅವರಿಗೆಲ್ಲ ಅತ್ತಿಗೆಯ ಮಾಂಸದ ಕಥೆ ಹೇಳಿ ನಗಿಸಿದ್ದ. ಬ್ರೆಡ್ಡು, ಮಾಂಸ ಬಡಿಸಿದ್ದಾಯಿತು. ಮೊದಲು ಸದ್ದು ನಿಂತಿತು. ಆಮೇಲೆ ಚಮಚಗಳ ಸದ್ದು ಶುರುವಾಯಿತು, ಜೋರಾಯಿತು. ಇಬ್ಬರು ಎದ್ದು ಬಂದು ಮತ್ತೆ ತಟ್ಟೆ ಒಡ್ಡಿದರು. ಅತ್ತಿಗೆ ಏಪ್ರನ್ನಿನ ಎರಡೂ ಜೇಬಿನಲ್ಲಿ ಕೈ ಹಾಕಿಕೊಂಡು ನಿಂತಿದ್ದಳು.

ಮೈದುನ ಮೊದಲ ತುತ್ತಿಗೆ ಹುಬ್ಬೇರಿಸಿದ. ಎರಡನೆಯದಕ್ಕೆ ತಟ್ಟೆಯೊಳಗೆ ಬಗ್ಗಿ ನೋಡಿದ. ಮೂರನೆಯದಾದ ಮೇಲೆ ಎದ್ದು ನಿಂತು, ತನ್ನ ದೊಡ್ಡ ಗಂಟಲಲ್ಲಿ, "ಸಾಧ್ಯಾನೇ ಇಲ್ಲ! ಇದು ನಮ್ಮತ್ತಿಗೆ ಮಾಡಿದ್ದಲ್ಲ. ನನಗೆ ಗೊತ್ತಿಲ್ವಾ? ಎಲ್ಲಿಂದ ತರಿಸಿದ್ರಿ ಅತ್ತಿಗೇ?" ಎಂದ.

ಅವನು ಅಂದದ್ದು ತಮಾಷೆಗೆ. ಕೇಳಿಸಿಕೊಂಡದ್ದು, ಕೆಲಸ ಕೊಡುವುದೋ ಬೇಡವೋ ಎಂದು ತೀರ್ಮಾನಿಸಬೇಕಿದ್ದ ಸೂಪರ್‌ವೈಸರಮ್ಮ. ಅವರು ಇಪ್ಪತ್ತು ವರ್ಷ ಪ್ರತಿಯೊಂದು ಬೀಗವನ್ನೂ ಮೂರು ಸಲ ಎಳೆದು ನೋಡಿ ಪಾಸು ಮಾಡಿದವರು. ಹೋದ ವಾರದ ಹೋಟೆಲಿನವನು ಅವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದ. ಚಮಚ ಕೆಳಗಿಟ್ಟು, "ಹೊರಗಿಂದ ತಂದಿದ್ದಾ ಇದು?" ಎಂದು ಕೇಳಿದರು.

"ಇಲ್ಲಮ್ಮ, ನಾನೇ ಮಾಡಿದ್ದು."

"ನಿಮ್ಮ ಮೈದುನಾನೇ ಹೇಳ್ತಿದಾರಲ್ಲ. ನಾಲ್ಕು ದಿನದಿಂದ ಊರಿಗೆಲ್ಲ ಹೇಳಿದಾರೆ, ನಿಮ್ಮ ಮಾಂಸ ಬ್ರೇಕಿಗೆ ಹಾಕೋ ಹಾಗಿರುತ್ತೆ ಅಂತ. ಒಂದೇ ದಿನದಲ್ಲಿ ಹೀಗೆ ಹೇಗಾಯ್ತು?"

ಮೈದುನನ ಮುಖ ಬಿಳಿಚಿತು. ಆಡಿದ ಮಾತನ್ನು ತಟ್ಟೆಗೆ ವಾಪಸು ಹಾಕಿಕೊಳ್ಳುವ ಹಾಗಿರಲಿಲ್ಲ. ಮೂವತ್ತು ಜನರ ಕಣ್ಣೂ ಅತ್ತಿಗೆಯ ಮೇಲಿತ್ತು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಕೂತಿದ್ದವರಲ್ಲಿ ಇಪ್ಪತ್ತು ಜನರ ಪ್ಯಾಂಟು ಮಾಸ್ತರರು ಕತ್ತರಿಸಿದ್ದು. ಒಲೆಯ ಹತ್ತಿರ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬೇರೆ, ಗಿರಾಕಿಗಳ ಮುಂದೆ ಗಂಡನ ಕಟಿಂಗು ತಪ್ಪೆನ್ನುವುದು ಬೇರೆ. ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನ ಕೆಲಸ ಹೋಗುತ್ತದೆ.

"ಇವಳೇ ಮಾಡಿದ್ದು."

ಅಡುಗೆಮನೆಯ ಬಾಗಿಲಲ್ಲಿ ಮಾಸ್ತರರು ನಿಂತಿದ್ದರು, ಕೈಯಲ್ಲಿ ಜಿಡ್ಡು ಹಿಡಿದ ಕತ್ತರಿ. "ಇಷ್ಟು ವರ್ಷಾನೂ ಇವಳು ಸರಿಯಾಗೇ ಮಾಡ್ತಿದ್ದಳು. ಕೆಡಿಸ್ತಿದ್ದದ್ದು ನಾನು. ಮಾಂಸಾನ ಪ್ಯಾಂಟಿನ ಹಾಗೆ ಎಳೆಯ ನೇರಕ್ಕೆ ಕೊಯ್ತಿದ್ದೆ. ಅಡ್ಡ ಕೊಯ್ಯಬೇಕು ಅಂತ ಇವಳು ಹೇಳಿದಳು, ನಾನು ಕೇಳಲಿಲ್ಲ. ಇವತ್ತು ಬೆಳಗ್ಗೆ ಅರ್ಧ ಗಂಟೆ ಅಗಿದ ಮೇಲೆ ಗೊತ್ತಾಯ್ತು." ಸ್ವಲ್ಪ ತಡೆದು, ಎಲ್ಲರಿಗೂ ಕೇಳುವ ಹಾಗೆ, "ನನ್ನ ಕಟಿಂಗು ತಪ್ಪು" ಎಂದರು.

ಮೂಲೆಯಲ್ಲಿ ಕೂತಿದ್ದ ಮುದಿ ಅರಗಾರ, ಬೀಗದ ಕೀಗಳನ್ನು ಅರದಿಂದ ಉಜ್ಜುವವನು, ಮೆಲ್ಲಗೆ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ. "ಪ್ಯಾಂಟು ಸರಿಯಾಗಿದೆ ತಾನೇ, ಮಾಸ್ತರೇ?"

"ಪ್ಯಾಂಟು ಸರಿಯಾಗೇ ಇದೆ!" ಎಂದು ಮಾಸ್ತರರು ಗುಡುಗಿದರು. ಸೂರು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಸೂಪರ್‌ವೈಸರಮ್ಮನೂ ನಕ್ಕರು. ಅತ್ತಿಗೆ ನಗಲಿಲ್ಲ. ಗೆದ್ದೆ ಅನ್ನಿಸಬೇಕಿತ್ತು ಅವಳಿಗೆ, ಅನ್ನಿಸಿತು ಕೂಡ. ಆದರೆ ಬಾಗಿಲಲ್ಲಿ ಕೆಂಪು ಕಿವಿ ಹೊತ್ತು ನಿಂತ ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ಅವಳಿಗೆ ಮದುವೆಯ ದಿನವೂ ಬಂದಿರಲಿಲ್ಲ.

"ಸೋಮವಾರ ಎಂಟಕ್ಕೆ ಬನ್ನಿ" ಎಂದರು ಸೂಪರ್‌ವೈಸರಮ್ಮ, ಚಮಚ ಎತ್ತಿಕೊಳ್ಳುತ್ತಾ. "ಕೊಯ್ದು ಕೊಡೋಕೆ ಯಾರಾದ್ರೂ ಬೇಕಾ?"

ಮಾಸ್ತರರು ತಮಗೂ ಈ ಮಾತಿಗೂ ಸಂಬಂಧವಿಲ್ಲವೆಂಬಂತೆ ಚಾವಣಿ ನೋಡತೊಡಗಿದರು. ಅವರು ಎಷ್ಟು ಆಸೆಯಿಂದ ಚಾವಣಿ ನೋಡುತ್ತಿದ್ದಾರೆಂದು ಅತ್ತಿಗೆಗೆ ಕಂಡಿತು.

"ಬೇಡಮ್ಮ. ನಾನೇ ಕೊಯ್ಕೋತೀನಿ" ಎಂದಳು.

ಮನೆಗೆ ಹೋಗುವಾಗ ಮಾಸ್ತರರು ಖಾಲಿ ತಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಬೀದಿಯ ತಿರುವಿನಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಭಾನುವಾರ ಮನೇಲಿ?"

ಇಪ್ಪತ್ತೆರಡು ವರ್ಷಕ್ಕೆ ಹತ್ತು ಹೆಜ್ಜೆಯಾದರೂ ಕಾಯಲಿ ಎಂದು ಅತ್ತಿಗೆ ನಡೆದಳು.

"ಮನೇಲಿ ನೀವೇ ಕೊಯ್ಯಿರಿ."

ಮಾಸ್ತರರು ತಟ್ಟೆಯನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿ, ಬೇಗ ಬೇಗ ನಡೆದು ಅವಳ ಪಕ್ಕಕ್ಕೆ ಬಂದರು.

"ಅಡ್ಡಕ್ಕೆ ತಾನೇ?"

"ಅಡ್ಡಕ್ಕೆ" ಎಂದಳು ಅತ್ತಿಗೆ.